ಬಿಸಿಆರ್2000 ನಾಬ್‌ಗಳಿಂದ ಆಲ್ಫಾ ಜೂನೋ ಆಡಿಸಬೇಕು: ಎಡಿಟರ್ ಸಾಫ್ಟ್‌ವೇರ್ ಯಾವುದು ಒಳ್ಳೆಯದು?

ಕೊಡಚಾದ್ರಿ_ಕೀಸ್
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ರೋಲ್ಯಾಂಡ್ ಆಲ್ಫಾ ಜೂನೋ-2 ಸಿಂತ್ (ಸಿಂಥಸೈಸರ್ ಕೀಬೋರ್ಡ್) ಇದೆ. ಅದರ ಸೌಂಡ್ ಅಂದರೆ ನನಗೆ ಪ್ರಾಣ. ಆದರೆ ಟೋನ್ ಬದಲಿಸೋಕೆ ಇರುವುದು ಒಂದೇ ಡಯಲ್. ಫಿಲ್ಟರ್ ಸ್ವಲ್ಪ ತೆರೆಯಬೇಕು ಅಂದರೂ ಮೊದಲು ಪ್ಯಾರಾಮೀಟರ್ ಹುಡುಕಬೇಕು, ಆಮೇಲೆ ಡಯಲ್ ತಿರುಗಿಸಬೇಕು. ನುಡಿಸುತ್ತಾ ನುಡಿಸುತ್ತಾ ಮಾಡುವ ಕೆಲಸವೇ ಅಲ್ಲ.

ಅದಕ್ಕೇ ಸೆಕೆಂಡ್ ಹ್ಯಾಂಡ್ ಬೆಹ್ರಿಂಗರ್ ಬಿಸಿಆರ್2000 ತಗೊಂಡೆ. ಮಿಡಿ, ಅಂದರೆ ಸಂಗೀತ ಯಂತ್ರಗಳು ಮಾತಾಡಿಕೊಳ್ಳುವ ಭಾಷೆಯಲ್ಲಿ ಆಜ್ಞೆ ಕಳಿಸುವ ನಾಬ್ ಡಬ್ಬ (ಕಂಟ್ರೋಲರ್) ಅದು. ಮ್ಯಾನುಯಲ್ ಇಲ್ಲ, ಸಿಡಿ ಇಲ್ಲ, ಡಬ್ಬ ಮಾತ್ರ ಬಂತು. ನಾಬ್‌ಗೆ ಕೆಲಸ ಹಚ್ಚೋಕೆ ಅದರದ್ದೇ ನಾಲ್ಕು ಅಕ್ಷರದ ಡಿಸ್‌ಪ್ಲೇ ನೋಡಿಕೊಂಡು ಕೂತರೆ ಕಣ್ಣು ಹೋಗುತ್ತೆ. ಈ ಡಬ್ಬವನ್ನೇ ಪರದೆ ಮೇಲೆ ತೋರಿಸಿ, ಅಲ್ಲೇ ಎಲ್ಲಾ ಜೋಡಿಸಿ, ಒಳಗೆ ಕಳಿಸುವ ಸಾಫ್ಟ್‌ವೇರ್ ಇದೆಯಾ? ಆಲ್ಫಾ ಜೂನೋ ಟೋನ್ ಬದಲಾವಣೆಗೆ ಸಿಸ್ಟಮ್ ಎಕ್ಸ್‌ಕ್ಲೂಸಿವ್ (ಸಿಸೆಕ್ಸ್) ಸಂದೇಶ ಮಾತ್ರ ಕೇಳುತ್ತದೆ. ಅದನ್ನು ಈ ಡಬ್ಬ ಕಳಿಸುತ್ತಾ? ಒಂದು ಷರತ್ತು: ಒಮ್ಮೆ ಜೋಡಿಸಿದ ಮೇಲೆ ಲ್ಯಾಪ್‌ಟಾಪ್ ಇಲ್ಲದೆ ನಡೆಯಬೇಕು.

ಮೈಸೂರು_ಮಾಡ್ಯುಲೇಶನ್
ಬಿಸಿ ಮ್ಯಾನೇಜರ್. ಬೇರೆ ಹುಡುಕಬೇಡಿ.

ಮಾರ್ಕ್ ವ್ಯಾನ್ ಡೆನ್ ಬರ್ಗ್ ಅನ್ನುವವರು ಬರೆದದ್ದು, ಉಚಿತ. ಬಿಸಿಆರ್2000 ಮತ್ತು ಬಿಸಿಎಫ್2000 ಎರಡಕ್ಕೂ ಆಗುತ್ತದೆ. ವಿಂಡೋಸ್‌ಗೆ ಮಾಡಿದ್ದು. ಡಬ್ಬದ 32 ಪ್ರೀಸೆಟ್ (ಉಳಿಸಿಟ್ಟ ಜೋಡಣೆಗಳು) ಕಾಣುತ್ತವೆ. ಒಂದು ಪ್ರೀಸೆಟ್ ತೆರೆದರೆ ಎನ್‌ಕೋಡರ್ (ನಾಬ್), ಬಟನ್ ಎಲ್ಲಾ ಸಿಗುತ್ತವೆ, ಬೇಕಾದ್ದನ್ನು ತೆರೆದು ಅದು ಏನು ಕಳಿಸಬೇಕು ಅಂತ ಬರೆಯಬಹುದು. ಸಿಸೆಕ್ಸ್ ಕಳಿಸುತ್ತದೆ, ಲ್ಯಾಪ್‌ಟಾಪ್ ತೆಗೆದರೂ ನಡೆಯುತ್ತದೆ. ಸೆಟ್ಟಿಂಗ್ ಎಲ್ಲಾ ಡಬ್ಬದ ಒಳಗೇ ಉಳಿಯುತ್ತದಲ್ಲ.

ಆದರೆ ಒಂದು ಮಾತು. ಮೊದಲು ಡಬ್ಬದಿಂದ ಓದಿ, ಆಮೇಲೆ ಡಬ್ಬಕ್ಕೆ ಬರೆಯಿರಿ. ಪರದೆ ಮೇಲೆ ಇರುವುದು ಸಾಫ್ಟ್‌ವೇರ್ ಮನಸ್ಸಿನಲ್ಲಿ ಇರುವ ಡಬ್ಬ. ನಿಮ್ಮ ಕೈಯಲ್ಲಿ ಇರುವ ಡಬ್ಬ ಬೇರೆ. ಹಿಂದಿನ ಮಾಲೀಕರು ಒಳಗೆ ಏನೇನು ಕಟ್ಟಿಟ್ಟಿದ್ದಾರೋ ಯಾರಿಗೆ ಗೊತ್ತು? ಎಲ್ಲಾ ಪ್ರೀಸೆಟ್ ಒಂದು ಫೈಲ್‌ಗೆ ತೆಗೆದಿಟ್ಟುಕೊಳ್ಳಿ.

ಧಾರವಾಡ_ಧ್ವನಿ
ಇಷ್ಟೆಲ್ಲ ಯಾಕೆ ಬೇಕು ಅಂತ ನನ್ನ ಪ್ರಶ್ನೆ. ಡಬ್ಬದ ನಾಬ್‌ಗಳಿಗೆ ಸುಮ್ನೆ ಸಾಲಾಗಿ ಸಿಸಿ ನಂಬರ್ ಕೊಟ್ಟುಬಿಡಿ. ಉಳಿದದ್ದು ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಮಿಡಿ ಲರ್ನ್ ಮಾಡಿ (ನಾಬ್ ತಿರುಗಿಸಿ, ಅದು ಯಾವುದಕ್ಕೆ ಅಂತ ಸಾಫ್ಟ್‌ವೇರ್‌ಗೆ ಕಲಿಸೋದು). ನಾಳೆ ಡಬ್ಬ ಹೋದರೆ ಇನ್ನೊಂದು ತಂದು ಇಟ್ಟರಾಯಿತು. ಬುದ್ಧಿ ಎಲ್ಲಾ ಕಂಪ್ಯೂಟರ್‌ನಲ್ಲಿ ಇರಲಿ, ಡಬ್ಬ ದಡ್ಡ ಆಗಿರಲಿ.

ಆರ್ಕೆಸ್ಟ್ರಾ_ಅಕ್ಕ
ಅವರು ಲ್ಯಾಪ್‌ಟಾಪ್ ಬೇಡ ಅಂತ ಬರೆದಿದ್ದಾರಲ್ಲ, ಓದಲಿಲ್ವಾ?

ಸ್ಟೇಜ್ ಮೇಲೆ ನುಡಿಸುವವರಿಗೆ ಇದು ದೊಡ್ಡ ವಿಷಯ. ಗಣೇಶನ ಹಬ್ಬದ ಕಾರ್ಯಕ್ರಮ ಅಂದುಕೊಳ್ಳಿ. ಕರೆಂಟ್ ಹೋಗುತ್ತೆ, ಜನರೇಟರ್ ಹಚ್ಚುತ್ತಾರೆ, ಮತ್ತೆ ಕರೆಂಟ್ ಬರುತ್ತೆ. ಆ ಹೊತ್ತಿಗೆ ಗಾಯಕರು ಪಲ್ಲವಿ ಶುರು ಮಾಡಿರುತ್ತಾರೆ. ಡಬ್ಬ ಆದರೆ ಆನ್ ಆಗಿ ತಕ್ಷಣ ಕೆಲಸಕ್ಕೆ ನಿಲ್ಲುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದರೂ ಯುಎಸ್‌ಬಿಯಲ್ಲಿ ಹಾಕಿದ್ದ ಸಾಧನ ಬಿಟ್ಟು ಮತ್ತೆ ಬಂದರೆ ಎಷ್ಟೋ ಸಾಫ್ಟ್‌ವೇರ್‌ಗಳು ಅದನ್ನು ತಾವಾಗಿ ಗುರುತಿಸುವುದಿಲ್ಲ. ಅಲ್ಲಿ ಕೂತು ಮೆನು ತೆರೆಯೋಕೆ ಆಗುತ್ತಾ?

ಮನೆಯಲ್ಲಿ ರೆಕಾರ್ಡ್ ಮಾಡುವಾಗ ನೀವು ಹೇಳಿದ ದಾರಿ ಸರಿ. ಸ್ಟೇಜ್‌ಗೆ ಬುದ್ಧಿ ಡಬ್ಬದಲ್ಲೇ ಇರಬೇಕು.

ಹೊಸಬ_ಬೀಟ್ಸ್
ನಡುವೆ ಬಾಯಿ ಹಾಕ್ತೀನಿ ಸಾರಿ. ಸಿಸಿ ಅಂದರೇನು, ಸಿಸೆಕ್ಸ್ ಅಂದರೇನು? ನಾನು ಪ್ಯಾಡ್ ಮಾತ್ರ ಬಾರಿಸಿದವನು.

ಟರ್ಮಿನಲ್_ತಿಮ್ಮ
ಹೊಸಬರೇ, ಸಿಸಿ ಅಂದರೆ ಕಂಟ್ರೋಲ್ ಚೇಂಜ್. ಮೂರೇ ಬೈಟ್: ಯಾವ ಚಾನೆಲ್, ಯಾವ ಕಂಟ್ರೋಲ್, ಎಷ್ಟು. ಕಂಟ್ರೋಲ್ ನಂಬರ್ 0ರಿಂದ 127. 7 ಅಂದರೆ ವಾಲ್ಯೂಮ್, 10 ಅಂದರೆ ಪ್ಯಾನ್, 64 ಅಂದರೆ ಸಸ್ಟೇನ್ ಪೆಡಲ್. ಎಲ್ಲ ಕಂಪನಿಯವರೂ ಒಪ್ಪಿಕೊಂಡ ಭಾಷೆ ಅದು.

ಸಿಸೆಕ್ಸ್ ಹಾಗಲ್ಲ. ಎಫ್0 ಅಂತ ಶುರು, ಎಫ್7 ಅಂತ ಕೊನೆ. ನಡುವೆ ಕಂಪನಿಯ ಗುರುತು, ಆಮೇಲೆ ಆ ಕಂಪನಿ ಏನು ಬರೆದರೂ ಸರಿ. ರೋಲ್ಯಾಂಡ್ ಗುರುತು 41, ಕಾರ್ಗ್ 42, ಯಮಾಹಾ 43. ಬೆಹ್ರಿಂಗರ್‌ಗೆ ಮೂರು ಬೈಟ್: 00 20 32. ಎಲ್ಲ ಹೆಕ್ಸ್ (16ರ ಆಧಾರದ) ಲೆಕ್ಕ. ತನ್ನ ಗುರುತು ಇಲ್ಲದ ಸಂದೇಶವನ್ನು ಯಂತ್ರ ಬಿಟ್ಟುಬಿಡುತ್ತದೆ.

ಮಿಡಿ ಬಂದದ್ದು 1983ರಲ್ಲಿ. ಆಮೇಲೆ ಕೆಲವು ವರ್ಷ ಬಂದ ಎಷ್ಟೋ ಸಿಂತ್‌ಗಳು ಟೋನ್ ಬದಲಾವಣೆಗೆ ಸಿಸೆಕ್ಸ್ ದಾರಿಯನ್ನೇ ಹಿಡಿದವು. ಆಲ್ಫಾ ಜೂನೋ ಆ ಗುಂಪಿನದು.

ಹೊಸಬ_ಬೀಟ್ಸ್
ಥ್ಯಾಂಕ್ಸ್ ಅಣ್ಣ, ಅರ್ಥ ಆಯ್ತು. ಹಾಗಾದರೆ ಅಗ್ಗದ ನ್ಯಾನೋಕಂಟ್ರೋಲ್2 ಸಾಕಾಗಲ್ವಾ? ಅದಕ್ಕೂ ಕಾರ್ಗ್‌ನವರ ಎಡಿಟರ್ ಇದೆಯಂತೆ.

ಮೈಸೂರು_ಮಾಡ್ಯುಲೇಶನ್
ಎಡಿಟರ್ ಇದೆ, ಚೆನ್ನಾಗೂ ಇದೆ. ಆದರೆ ಅದರ ನಾಬ್‌ಗಳಿಗೆ ಸಿಸಿ ಮಾತ್ರ ಹಾಕಬಹುದು, ನಮಗೆ ಬೇಕಾದ ಸಿಸೆಕ್ಸ್ ಸಾಲು ಬರೆಯೋಕೆ ಆಗಲ್ಲ. ಮಧ್ಯೆ ಕಂಪ್ಯೂಟರ್ ಇಟ್ಟು ಬೋಮ್ ಮಿಡಿ ಟ್ರಾನ್ಸ್‌ಲೇಟರ್ ಥರದ್ದು ಓಡಿಸಿದರೆ ಸಿಸಿಯನ್ನು ಸಿಸೆಕ್ಸ್ ಮಾಡಬಹುದು. ಅಲ್ಲಿಗೆ ಮತ್ತೆ ಲ್ಯಾಪ್‌ಟಾಪ್ ಬಂತು.

ಬಿಸಿಆರ್ ಹಳೆಯದಾದರೂ ಜನ ಬಿಡದೇ ಇರೋದು ಇದಕ್ಕೇ. ಕೆಳಗೆ 24 ನಾಬ್, ಮೇಲೆ ಒತ್ತುವ 8 ನಾಬ್. ಆ ಎಂಟಕ್ಕೆ ನಾಲ್ಕು ಗುಂಪು, ಅಂದರೆ 32. ಒಟ್ಟು 56 ಎನ್‌ಕೋಡರ್. ಸುತ್ತಲೂ ಎಲ್‌ಇಡಿ ಉಂಗುರ. ಒಂದೊಂದಕ್ಕೂ ಬೇರೆ ಬೇರೆ ಸಿಸೆಕ್ಸ್ ಬರೆಯಬಹುದು.

ಕೊಡಚಾದ್ರಿ_ಕೀಸ್
ಬಿಸಿ ಮ್ಯಾನೇಜರ್ ಹಾಕಿಕೊಂಡೆ. ಎಲ್ಲಾ ಓದಿ ಫೈಲ್ ಮಾಡಿಟ್ಟೆ. ಈಗ ಒಂದು ನಾಬ್‌ಗೆ ಫಿಲ್ಟರ್ ಕಟಾಫ್ (ಫಿಲ್ಟರ್ ಎಷ್ಟು ತೆರೆದಿರಬೇಕು ಅನ್ನುವುದು) ಕೊಡಬೇಕು. ಏನು ಬರೆಯಬೇಕು?

ಟರ್ಮಿನಲ್_ತಿಮ್ಮ
ಆಲ್ಫಾ ಜೂನೋ ಕಟಾಫ್‌ಗೆ ಈ ಸಾಲು (ಹೆಕ್ಸ್):

ಎಫ್0 41 36 00 23 20 01 10 ವ್ಯಾಲ್ ಎಫ್7

ಬಿಡಿಸಿ ಹೇಳ್ತೀನಿ. 41 ರೋಲ್ಯಾಂಡ್. 36 ಅಂದರೆ ‘ಒಂದೇ ಪ್ಯಾರಾಮೀಟರ್ ಬದಲಿಸು’ ಅನ್ನುವ ಆಜ್ಞೆ. 00 ಅಂದರೆ ಮಿಡಿ ಚಾನೆಲ್ 1. 23 ಅಂದರೆ ಆಲ್ಫಾ ಜೂನೋ ಕುಟುಂಬ. 20, 01 ಅಂದರೆ ಟೋನ್ ವಿಭಾಗ. 10 ಕಟಾಫ್, ಅಂದರೆ ದಶಮಾನದಲ್ಲಿ 16. ‘ವ್ಯಾಲ್’ ಇರುವ ಜಾಗಕ್ಕೆ ನಾಬ್ ತಿರುಗಿಸಿದಾಗ ಬರುವ ಅಂಕಿ ಕೂರುತ್ತದೆ. ರೆಸೊನೆನ್ಸ್ ಬೇಕಾದರೆ 10ರ ಬದಲು 11. ಪ್ಯಾರಾಮೀಟರ್‌ಗಳು 0ರಿಂದ 35ರವರೆಗೆ, ಒಟ್ಟು 36.

ಕನಿಷ್ಠ 0, ಗರಿಷ್ಠ 127 ಕೊಡಿ. ಎಲ್ಲದಕ್ಕೂ ಇದೇ ಕೊಡಬೇಡಿ. ಹೈ-ಪಾಸ್ ಫಿಲ್ಟರ್‌ಗೆ ನಾಲ್ಕೇ ಹಂತ, 0ರಿಂದ 3. ಅಲೆಯ ಆಕಾರ ಆರಿಸುವುದಕ್ಕೂ ಹಂತ ಕಡಿಮೆ. ಅಂಥವನ್ನು ಬಟನ್‌ಗೆ ಹಾಕಿದರೆ ಚೆಂದ.

ಮ್ಯೂನಿಕ್_ಮಂದಿ
ತಿಮ್ಮ ಅವರೇ, ಒಂದು ಸೇರಿಸುತ್ತೇನೆ. ಬಿಸಿಆರ್ ಒಳಗೆ ನಡೆಯುವುದೆಲ್ಲ ಬಿಸಿಎಲ್ ಅನ್ನುವ ಒಂದು ಚಿಕ್ಕ ಭಾಷೆಯಲ್ಲಿ. ಓದೋಕೆ ಬರುವ ಅಕ್ಷರಗಳೇ. ‘ಎನ್‌ಕೋಡರ್ 33’ ಅಂತ ಒಂದು ಸಾಲು, ಕೆಳಗೆ ಅದು ಏನು ಕಳಿಸಬೇಕು, ಎಲ್‌ಇಡಿ ಹೇಗೆ ಬೆಳಗಬೇಕು ಅಂತ ಒಂದೊಂದು ಸಾಲು. ಒಂದೊಂದು ಸಾಲೂ ಒಂದೊಂದು ಸಿಸೆಕ್ಸ್ ಆಗಿ ಡಬ್ಬಕ್ಕೆ ಹೋಗುತ್ತದೆ. ಕೆಳಗಿನ 24 ನಾಬ್‌ಗಳಿಗೆ 33ರಿಂದ 56 ಅಂತ ಲೆಕ್ಕ.

ನಾನು ಮೌಸ್ ಒತ್ತೋದು ಬಿಟ್ಟು ನೇರವಾಗಿ ಬಿಸಿಎಲ್ ಬರೆಯುತ್ತೇನೆ. ಒಂದು ನಾಬ್‌ಗೆ ಬರೆದು, ಕಾಪಿ ಮಾಡಿ, ಒಂದು ಬೈಟ್ ಬದಲಿಸಿದರೆ ಮುಂದಿನ ನಾಬ್ ಸಿದ್ಧ. ಬಿಸಿ ಮ್ಯಾನೇಜರ್ ಬರೆದವರೇ ಈ ಭಾಷೆಯ ಬಗ್ಗೆ ದೊಡ್ಡ ದಾಖಲೆ ಬರೆದಿದ್ದಾರೆ. ಅದನ್ನು ಓದಿ. ಡಬ್ಬದ ಜೊತೆ ಬರುವ ಪುಸ್ತಕದಲ್ಲಿ ಇಷ್ಟು ಸಿಗುವುದಿಲ್ಲ.

ಧಾರವಾಡ_ಧ್ವನಿ
ನೋಡಿ, ಈಗ ಭಾಷೆ ಕಲಿಯಬೇಕು ಅಂತಾಯಿತು. ಸಂಗೀತ ಯಾವಾಗ ಮಾಡೋದು?

ನನ್ನ ಮಾತು ಕೇಳಿ. ಸಿ-ಟಿ-ಆರ್-ಎಲ್-ಆರ್ ಅಂತ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಜನ ತಮ್ಮ ತಮ್ಮ ಸಿಂತ್‌ಗೆ ಪ್ಯಾನೆಲ್ ಕಟ್ಟಿ ಹಂಚಿದ್ದಾರೆ. ಪರದೆ ಮೇಲೆ ಸ್ಲೈಡರ್ ಎಳೆದರೆ ಸಿಸೆಕ್ಸ್ ತಾನೇ ಹೋಗುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಪ್ಲಗಿನ್ ಥರ ಹಾಕಿದರೆ ಆಟೋಮೇಶನ್ (ಹಾಡಿನ ಜೊತೆ ಸ್ಲೈಡರ್ ತಾನೇ ಚಲಿಸುವುದು) ಕೂಡ ಬರೆಯಬಹುದು. ಹಾಡಿನ ಫೈಲ್ ತೆರೆದರೆ ಸೌಂಡ್ ಕೂಡ ಅದರ ಜೊತೆಗೇ ಬರುತ್ತದೆ.

ಮೈಸೂರು_ಮಾಡ್ಯುಲೇಶನ್
ಅದು ಒಳ್ಳೆಯ ಸಾಫ್ಟ್‌ವೇರೇ, ಇಲ್ಲ ಅನ್ನಲ್ಲ. ಆದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸ ಕಲಸಿಹೋಗ್ತಿದೆ. ಸಿ-ಟಿ-ಆರ್-ಎಲ್-ಆರ್ ಪ್ಯಾನೆಲ್ ಅಂದರೆ ಕಂಟ್ರೋಲರ್ ಬದಲಿಗೆ ಸಾಫ್ಟ್‌ವೇರ್. ರೋಲ್ಯಾಂಡ್ ಆಗ ಆಲ್ಫಾ ಜೂನೋಗೆ ಅಂತಲೇ ಪಿಜಿ-300 ಅನ್ನುವ ಸ್ಲೈಡರ್ ಡಬ್ಬ ಬೇರೆಯಾಗಿ ಮಾರುತ್ತಿತ್ತು. ಪ್ಯಾನೆಲ್ ಮಾಡೋದು ಆ ಡಬ್ಬದ ಕೆಲಸ. ಬಿಸಿ ಮ್ಯಾನೇಜರ್ ಹಾಗಲ್ಲ. ಅದು ಕಂಟ್ರೋಲರ್‌ಗೆ ಪಾಠ ಹೇಳಿ ಎದ್ದು ಹೋಗುತ್ತದೆ. ಆಮೇಲೆ ಬಿಸಿಆರ್ ತಾನೇ ಪಿಜಿ-300 ಆಗುತ್ತದೆ.

ಕೊಡಚಾದ್ರಿ ಕೇಳಿದ್ದು ಎರಡನೆಯದು.

ಎಸ್‌ಪಿರೋಡ್_ರೇಡಿಯೋ
ಪಿಜಿ-300 ಈಗ ಸಿಕ್ಕರೂ ಬೆಲೆ ಕೇಳಿದರೆ ಬೇಡ ಅನ್ನಿಸುತ್ತದೆ. ಬಿಸಿಆರ್ ದಾರಿಯೇ ವಾಸಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಾತ್ರ ಪ್ರತಿಯೊಂದು ನಾಬನ್ನೂ ನಿಧಾನವಾಗಿ ತಿರುಗಿಸಿ ನೋಡಿ. ಅಂಕಿ ಹಿಂದೆ ಮುಂದೆ ಜಿಗಿದರೆ ಎನ್‌ಕೋಡರ್ ಒಳಗೆ ಕೊಳೆ ಕೂತಿದೆ ಅಂತ. ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ಎಷ್ಟೋ ಸಲ ಸರಿಹೋಗುತ್ತೆ. ಹೋಗದಿದ್ದರೆ ಎನ್‌ಕೋಡರ್ ಬಿಚ್ಚಿ ಬೇರೆ ಹಾಕಬೇಕು. ಕೈ ಪಳಗಿದವರ ಹತ್ತಿರ ಮಾಡಿಸಿ.

ಕೊಡಚಾದ್ರಿ_ಕೀಸ್
ಸಾಲು ಬರೆದು ಕಳಿಸಿದೆ. ನಾಬ್ ತಿರುಗಿಸಿದರೆ ಡಬ್ಬದಲ್ಲಿ ಅಂಕಿ ಬದಲಾಗುತ್ತಿದೆ, ಉಂಗುರ ಬೆಳಗುತ್ತಿದೆ. ಆದರೆ ಜೂನೋ ಅಲುಗಾಡುತ್ತಿಲ್ಲ. ನೋಟ್ ಮಾತ್ರ ಹೋಗುತ್ತಿವೆ.

ಆರ್ಕೆಸ್ಟ್ರಾ_ಅಕ್ಕ
ನೋಟ್ ಹೋಗ್ತಿದೆ ಅಂದರೆ ಕೇಬಲ್ ಸರಿ ಇದೆ. ಜೂನೋದ ಮಿಡಿ ಸೆಟ್ಟಿಂಗ್‌ನಲ್ಲಿ ಎಕ್ಸ್‌ಕ್ಲೂಸಿವ್ ಆನ್ ಆಗಿದೆಯಾ ನೋಡಿ. ಆಫ್ ಇದ್ದರೆ ಅದು ಸಿಸೆಕ್ಸ್ ಕಡೆ ತಿರುಗಿಯೂ ನೋಡಲ್ಲ.

ಟರ್ಮಿನಲ್_ತಿಮ್ಮ
ಅಕ್ಕ ಹೇಳಿದ್ದು ಮೊದಲು ನೋಡಿ. ಆಮೇಲೆ ಚಾನೆಲ್. ಸಾಲಿನಲ್ಲಿ 00 ಇದ್ದರೆ ಜೂನೋ 1ನೇ ಚಾನೆಲ್‌ನಲ್ಲಿ ಇರಬೇಕು. 2ನೇ ಚಾನೆಲ್ ಆದರೆ 01.

ನೋಟ್ ಹೋಗುತ್ತಿದೆ ಅಂದ ಮಾತ್ರಕ್ಕೆ ಕೇಬಲ್ ಸರಿ ಅಂತ ಹೇಳೋಕೆ ಆಗಲ್ಲ ಅಕ್ಕ. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್‌ಗಳಲ್ಲಿ ನೋಟ್ ಚೆನ್ನಾಗಿ ಹೋಗುತ್ತೆ, ಸಿಸೆಕ್ಸ್ ಬಂದಾಗ ಮಧ್ಯೆ ಬೈಟ್ ನುಂಗಿಬಿಡುತ್ತವೆ. ಆ ಕೇಬಲ್ ಮಧ್ಯೆ ಇದ್ದರೆ ತೆಗೆದು, ಡಬ್ಬದ ಔಟ್ ಎಯಿಂದ ನೇರವಾಗಿ ಐದು ಪಿನ್ ಕೇಬಲ್‌ನಲ್ಲಿ ಜೂನೋ ಇನ್‌ಗೆ ಹಾಕಿ.

ಆರ್ಕೆಸ್ಟ್ರಾ_ಅಕ್ಕ
ಒಪ್ಪಿದೆ. ನನ್ನ ಸೆಟಪ್‌ನಲ್ಲಿ ಯುಎಸ್‌ಬಿ ಕೇಬಲ್ ಇಲ್ಲ, ಅದಕ್ಕೆ ಆ ಕಡೆ ಯೋಚನೆ ಹೋಗಲಿಲ್ಲ.

ಕೊಡಚಾದ್ರಿ_ಕೀಸ್
ಎಕ್ಸ್‌ಕ್ಲೂಸಿವ್ ಆಫ್ ಇತ್ತು! ಆನ್ ಮಾಡಿದ ತಕ್ಷಣ ಫಿಲ್ಟರ್ ಬಾಯಿ ತೆರೆಯಿತು. ಎಷ್ಟು ಖುಷಿ ಅಂದರೆ ಇನ್ನೂ ನಾಬ್ ಬಿಟ್ಟಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಇನ್ನೆರಡು ಡೌಟು. ಜೋರಾಗಿ ತಿರುಗಿಸಿದರೆ ಸೌಂಡ್ ಹಿಂದೆ ಬೀಳುತ್ತೆ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ. ಮತ್ತೆ ಬೇರೆ ಪ್ರೀಸೆಟ್‌ಗೆ ಹೋಗಿ ವಾಪಸ್ ಬಂದರೆ ಬರೆದದ್ದೇ ಇಲ್ಲ.

ಮೈಸೂರು_ಮಾಡ್ಯುಲೇಶನ್
ಎರಡನೆಯದು ಮೊದಲು. ಕಳಿಸಿದ್ದು ಡಬ್ಬದ ತಾತ್ಕಾಲಿಕ ಮೆಮೊರಿಯಲ್ಲಿ ಕೂತಿರುತ್ತದೆ. ಸ್ಟೋರ್ ಮಾಡಿದರೆ ಮಾತ್ರ ಪ್ರೀಸೆಟ್‌ಗೆ ಹೋಗುತ್ತದೆ. ಡಬ್ಬದ ಸ್ಟೋರ್ ಬಟನ್‌ನಿಂದ ಮಾಡಬಹುದು. ಬಿಸಿಎಲ್‌ನಲ್ಲೂ ಸ್ಟೋರ್ ಅಂತ ಆಜ್ಞೆ ಇದೆ, ಜೊತೆಗೆ ಪ್ರೀಸೆಟ್ ನಂಬರ್ ಕೊಟ್ಟರೆ ಅಲ್ಲೇ ಉಳಿಯುತ್ತದೆ. ಪರದೆ ಮೇಲೆ ಕಾಣುತ್ತಿದೆ ಅಂತ ನೆಚ್ಚಿಕೊಳ್ಳಬೇಡಿ. ಡಬ್ಬ ಆಫ್ ಮಾಡಿ, ಆನ್ ಮಾಡಿ, ಅದರಿಂದ ಮತ್ತೆ ಓದಿ ನೋಡಿ.

ಟರ್ಮಿನಲ್_ತಿಮ್ಮ
ಮೊದಲನೆಯದು ಲೆಕ್ಕದ ಪ್ರಶ್ನೆ. ಮಿಡಿ ಕೇಬಲ್ ಸೆಕೆಂಡಿಗೆ 31,250 ಬಿಟ್ ಒಯ್ಯುತ್ತದೆ. ಒಂದು ಬೈಟ್‌ಗೆ ಶುರು ಬಿಟ್, ಕೊನೆ ಬಿಟ್ ಸೇರಿ 10 ಬಿಟ್. ಅಂದರೆ ಬೈಟ್‌ಗೆ 0.32 ಮಿಲಿಸೆಕೆಂಡ್. ಸಿಸಿಗೆ ಮೂರು ಬೈಟ್, ಹತ್ತಿರ ಹತ್ತಿರ 1 ಮಿಲಿಸೆಕೆಂಡ್. ನಿಮ್ಮ ಸಾಲು ಹತ್ತು ಬೈಟ್, 3.2 ಮಿಲಿಸೆಕೆಂಡ್. ಸೆಕೆಂಡಿಗೆ 312ಕ್ಕಿಂತ ಜಾಸ್ತಿ ಹೋಗಲ್ಲ. ಎರಡು ಕೈಯಲ್ಲಿ ಎರಡು ನಾಬ್ ತಿರುಗಿಸಿದರೆ ಅದರಲ್ಲೇ ಹಂಚಿಕೆ. ಅದರ ಮೇಲೆ 80ರ ದಶಕದ ಪ್ರೊಸೆಸರ್ ಆ ಸಾಲನ್ನು ಓದಿ, ಆರು ವಾಯ್ಸ್‌ಗೂ (ಒಟ್ಟಿಗೆ ನುಡಿಯುವ ಸ್ವರಗಳಿಗೂ) ಹಾಕಬೇಕು. ಅದು ಏದುಸಿರು ಬಿಡುವುದು ಸಹಜ.

ಬಿಸಿಎಲ್‌ನಲ್ಲಿ ರೆಸಲ್ಯೂಶನ್ ಅಂತ ಇದೆ. ನಾಲ್ಕು ಅಂಕಿ ಕೊಡಬೇಕು: ನಿಧಾನ ತಿರುಗಿಸಿದಾಗ ಒಂದು ಸುತ್ತಿಗೆ ಎಷ್ಟು ಹಂತ, ಜೋರಾದರೆ ಎಷ್ಟು ಅಂತ. ಜೋರಿನ ಕಡೆ ಜಾಸ್ತಿ ಕೊಟ್ಟರೆ ನಾಬ್ ಬೇಗ ಓಡುತ್ತದೆ, ಕಳಿಸುವ ಸಂದೇಶ ಕಡಿಮೆ ಆಗುತ್ತದೆ. ಹಂತ ದೊಡ್ಡದಾಗುತ್ತೆ, ಸಾಲು ಕಟ್ಟಿ ನಿಲ್ಲೋದು ತಪ್ಪುತ್ತೆ. ಕಿವಿಗೆ ಯಾವುದು ಹಿತವೋ ಅಲ್ಲಿ ನಿಲ್ಲಿಸಿ.

ಗಿಟಾರ್_ಗಣಿ
ನಮ್ಮ ಕಾಲಿನ ಡಬ್ಬದ ಕಥೆಯೂ ಇದೇ. ಎಫ್‌ಸಿಬಿ1010 ಪೆಡಲ್ ಬೋರ್ಡ್: ಹತ್ತು ಬ್ಯಾಂಕ್, ಬ್ಯಾಂಕ್‌ಗೆ ಹತ್ತು ಪ್ರೀಸೆಟ್, ಎರಡು ಎಕ್ಸ್‌ಪ್ರೆಶನ್ ಪೆಡಲ್. ಕಾಲಲ್ಲಿ ಒತ್ತಿ ಒತ್ತಿ ಪ್ರೋಗ್ರಾಮ್ ಮಾಡೋದು ಅಂದರೆ ತಪಸ್ಸು. ಎಡಿಟರ್ ಸಾಫ್ಟ್‌ವೇರ್ ಸಿಕ್ಕ ಮೇಲೆ ಬದುಕು ಹಗುರ ಆಯಿತು. ಯುಎಸ್‌ಬಿ ಇಲ್ಲ, ಐದು ಪಿನ್ ಮಿಡಿ ಮಾತ್ರ. ಅದನ್ನು ಸಿಸೆಕ್ಸ್ ಕೇಳುವ ಮೋಡ್‌ಗೆ ಹಾಕದೆ ಕಳಿಸಿದರೆ ಏನೂ ಆಗಲ್ಲ. ಉನೋ ಅನ್ನುವ ಬೇರೆ ಚಿಪ್ ಹಾಕಿಕೊಂಡರೆ ಸ್ಟಾಂಪ್‌ಬಾಕ್ಸ್ ಥರ ಒಂದೊಂದು ಎಫೆಕ್ಟನ್ನು ಆನ್-ಆಫ್ ಮಾಡಬಹುದು.

ಯಾರಾದರೂ ಸ್ಟೇಜ್‌ಗೆ ಬಳಸ್ತಿದ್ದೀರಾ ಇದನ್ನ?

ಆರ್ಕೆಸ್ಟ್ರಾ_ಅಕ್ಕ
ನಮ್ಮ ಗಿಟಾರ್ ಹುಡುಗ ಬಳಸ್ತಾನೆ. ಗಟ್ಟಿ ಇದೆ. ಈ ವಿಷಯಕ್ಕೆ ಬೇರೆ ದಾರ (ಥ್ರೆಡ್) ತೆರೆಯಿರಿ, ಅವನನ್ನೇ ಕರೆತರ್ತೀನಿ.

ಹೊಸಬ_ಬೀಟ್ಸ್
ನನ್ನ ಹತ್ತಿರ ಡಬ್ಬವೇ ಇಲ್ಲ. ಬರೀ ಸಾಫ್ಟ್‌ವೇರ್ ಇಟ್ಟುಕೊಂಡು ಕಲಿಯಬಹುದಾ?

ಮ್ಯೂನಿಕ್_ಮಂದಿ
ತುಂಬಾ ಕಲಿಯಬಹುದು. ವಿಂಡೋಸ್ ಆದರೆ ಲೂಪ್‌ಮಿಡಿ ಹಾಕಿ, ಕಂಪ್ಯೂಟರ್ ಒಳಗೇ ಸುಳ್ಳು ಮಿಡಿ ಪೋರ್ಟ್ ಸಿಗುತ್ತದೆ. ಆ ಕಡೆ ಮಿಡಿ-ಆಕ್ಸ್ ತೆರೆದಿಟ್ಟರೆ ಹೋಗುವ ಒಂದೊಂದು ಬೈಟೂ ಕಾಣುತ್ತದೆ. ಮ್ಯಾಕ್‌ನಲ್ಲಿ ಐಎಸಿ ಡ್ರೈವರ್ ಮೊದಲೇ ಇರುತ್ತದೆ, ಆಡಿಯೋ ಮಿಡಿ ಸೆಟಪ್‌ಗೆ ಹೋಗಿ ಆನ್ ಮಾಡಿದರೆ ಸಾಕು. ಬಿಸಿಎಲ್ ಬರೆಯೋಕೆ ಯಾವ ಟೆಕ್ಸ್ಟ್ ಎಡಿಟರ್ ಆದರೂ ಆಗುತ್ತದೆ.

ಆದರೆ ನಾಬ್ ಕೈಗೆ ಎಷ್ಟು ಬೇಗ ಓಡುತ್ತದೆ, ಸಿಂತ್ ಎಲ್ಲಿ ತಡವರಿಸುತ್ತದೆ ಅನ್ನುವುದು ಪರದೆಯಲ್ಲಿ ತಿಳಿಯುವುದಿಲ್ಲ. ಕೊಡಚಾದ್ರಿ ಅವರಿಗೆ ಬಂದ ಮೂರೂ ತೊಂದರೆ ನೋಡಿ: ಎಕ್ಸ್‌ಕ್ಲೂಸಿವ್, ಸ್ಟೋರ್, ವೇಗ. ಮೂರೂ ನಿಜವಾದ ಡಬ್ಬದವು. ಎಮ್ಯುಲೇಶನ್‌ನಲ್ಲಿ, ಅಂದರೆ ಬರೀ ಸಾಫ್ಟ್‌ವೇರ್‌ನಲ್ಲಿ, ಎಲ್ಲಾ ನೆಟ್ಟಗೆ ನಡೆಯುತ್ತಿತ್ತು.

ಟರ್ಮಿನಲ್_ತಿಮ್ಮ
ಲಿನಕ್ಸ್‌ನವರು ಅಮಿಡಿ ಅನ್ನುವ ಆಜ್ಞೆ ನೋಡಿ. ಮೈನಸ್ ಎಲ್ ಕೊಟ್ಟರೆ ಪೋರ್ಟ್ ಪಟ್ಟಿ, ಮೈನಸ್ ಎಸ್ ಜೊತೆ ಫೈಲ್ ಹೆಸರು ಕೊಟ್ಟರೆ ಸಿಸೆಕ್ಸ್ ಫೈಲ್ ನೇರ ಡಬ್ಬಕ್ಕೆ. ಸುಳ್ಳು ಪೋರ್ಟ್ ಬೇಕಾದರೆ ವಿರ್‌ಮಿಡಿ ಮಾಡ್ಯೂಲ್ ಇದೆ.

ಧಾರವಾಡ_ಧ್ವನಿ
ಮಿಡಿ 2.0 ಬಂದು ಎಷ್ಟು ಕಾಲ ಆಯಿತು, 2020ರಲ್ಲೇ ಬಂತು. ಸಾಧನಗಳು ಒಂದನ್ನೊಂದು ಕೇಳಿಕೊಂಡು ತಾವೇ ಜೋಡಿಸಿಕೊಳ್ಳುತ್ತವೆ. ನಾವಿನ್ನೂ ಹೆಕ್ಸ್ ಬರೆಯುತ್ತಾ ಕೂತಿದ್ದೇವೆ.

ಮ್ಯೂನಿಕ್_ಮಂದಿ
ಆ ಕೇಳಿಕೊಳ್ಳುವಿಕೆಗೆ ಎರಡೂ ಕಡೆ ಆ ಭಾಷೆ ಗೊತ್ತಿರಬೇಕು. ಜೂನೋಗೆ ಯಾರು ಕಲಿಸುತ್ತಾರೆ? ಹಳೆಯ ಯಂತ್ರಕ್ಕೆ ಅದರ ಮಾತಲ್ಲೇ ಹೇಳಬೇಕು. 40 ವರ್ಷದ ಹಿಂದಿನ ಸಿಂತ್, 20 ವರ್ಷದ ಹಿಂದಿನ ಡಬ್ಬ ಇವತ್ತೂ ಒಟ್ಟಿಗೆ ಕೆಲಸ ಮಾಡುತ್ತಿವೆ. ಒಬ್ಬ ವ್ಯಕ್ತಿ ಕೂತು ಇದಕ್ಕೆ ಎಡಿಟರ್ ಬರೆದು, ದಾಖಲೆ ಬರೆದು, ಉಚಿತವಾಗಿ ಕೊಟ್ಟಿರುವುದು ಅದಕ್ಕೆ ದೊಡ್ಡ ಕಾರಣ. ನನಗೆ ಆ ಕೆಲಸದ ಮೇಲೆ ತುಂಬಾ ಗೌರವ ಇದೆ.

ಧಾರವಾಡ_ಧ್ವನಿ
ಆ ಗೌರವ ನನಗೂ ಇದೆ. ನನ್ನ ಜಗಳ ದಾರಿಯ ಬಗ್ಗೆ ಮಾತ್ರ. ರೆಕಾರ್ಡಿಂಗ್‌ಗೆ ಕಂಪ್ಯೂಟರ್ ದಾರಿಯೇ ಸರಿ ಅಂತ ಈಗಲೂ ಹೇಳ್ತೀನಿ.

ಕೊಡಚಾದ್ರಿ_ಕೀಸ್
ಸ್ಟೋರ್ ಆಯಿತು, ರೆಸಲ್ಯೂಶನ್ ಕೂಡ ಹಿಡಿತಕ್ಕೆ ಬಂತು. ಈಗ ಇನ್ನೊಂದು. ಜೂನೋದಲ್ಲಿ ಬೇರೆ ಟೋನ್ ಆರಿಸಿದರೆ ಡಬ್ಬದ ಉಂಗುರಗಳು ಹಳೆಯ ಜಾಗದಲ್ಲೇ ನಿಲ್ಲುತ್ತವೆ. ನಾಬ್ ಮುಟ್ಟಿದ ಕೂಡಲೇ ಸೌಂಡ್ ಹಾರುತ್ತದೆ.

ಟರ್ಮಿನಲ್_ತಿಮ್ಮ
ಟೋನ್ ಬದಲಾದಾಗ ಜೂನೋ ಎಲ್ಲಾ ಪ್ಯಾರಾಮೀಟರ್‌ಗಳನ್ನು ಒಂದೇ ಉದ್ದನೆಯ ಸಂದೇಶದಲ್ಲಿ ಕಳಿಸುತ್ತದೆ. ಅದರ ಆಜ್ಞೆ 35. ನಿಮ್ಮ ನಾಬ್‌ಗಳಿಗೆ ಗೊತ್ತಿರುವುದು 36 ಮಾತ್ರ, ಹಾಗಾಗಿ ಅವು ಅದನ್ನು ತಮ್ಮದು ಅಂದುಕೊಳ್ಳುವುದಿಲ್ಲ. ಮಧ್ಯೆ ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್ ಇಟ್ಟು, ಆ ಉದ್ದನೆಯದನ್ನು 36 ಚಿಕ್ಕ ಸಂದೇಶಗಳಾಗಿ ಒಡೆದು ಡಬ್ಬದ ಇನ್‌ಗೆ ಕೊಡಬಹುದು. ಲ್ಯಾಪ್‌ಟಾಪ್ ಬೇಡ ಅನ್ನುವ ಷರತ್ತೂ ಉಳಿಯುತ್ತೆ. ಬೇಕಾದರೆ ಬೇರೆ ದಾರದಲ್ಲಿ ಕೋಡ್ ಮಾತಾಡೋಣ.

ಎಸ್‌ಪಿರೋಡ್_ರೇಡಿಯೋ
ಅದಕ್ಕೂ ಮೊದಲು ಒಂದು ಕೆಲಸ ಮಾಡಿ ಕೊಡಚಾದ್ರಿ. ಜೂನೋದಲ್ಲಿ 64 ಟೋನ್ ಕಂಪನಿಯವು, ಅವು ಅಳಿಯಲ್ಲ. ಇನ್ನು 64 ನಾವು ಬರೆದಿಡುವವು. ಆ ಎರಡನೆಯ 64 ಒಳಗಿನ ಚಿಕ್ಕ ಬ್ಯಾಟರಿ ನಂಬಿಕೊಂಡು ಬದುಕಿವೆ. ಬ್ಯಾಟರಿ ಸತ್ತರೆ ಅವೂ ಹೋದವು. ಹೊಸ ನಾಬ್ ಸಿಕ್ಕಿದೆ ಅಂತ ಈಗ ಟೋನ್ ಮಾಡ್ತಾನೇ ಇರ್ತೀರಿ. ಮಿಡಿ-ಆಕ್ಸ್‌ನಲ್ಲಿ ಬಲ್ಕ್ ಡಂಪ್ (ಎಲ್ಲಾ ಟೋನ್ ಒಟ್ಟಿಗೆ ಹೊರಗೆ ಕಳಿಸುವುದು) ಹಿಡಿದು ಫೈಲ್ ಮಾಡಿ, ಎರಡು ಕಡೆ ಇಡಿ. ಆಮೇಲೆ ಬ್ಯಾಟರಿ ಬದಲಿಸಿ. ಬೆಸುಗೆ ಹಾಕಿದ ಬ್ಯಾಟರಿ ಅದು. ತೆಗೆಯುವಾಗ ಹೋಲ್ಡರ್ ಕೂರಿಸಿಬಿಟ್ಟರೆ ಮುಂದಿನ ಸಲ ಬೆಸುಗೆ ಬೇಡ.